ಹೋದ ದಿನ ಯಾರು ಬರೆದಿಟ್ಟಿದ್ದಾರೆ?

ಓದುಗರ ಪತ್ರ: ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಹೈಸ್ಕೂಲು ಮಾಸ್ತರರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಸಾರ ಇಷ್ಟು. ಅವರೂ ಊರಿನ ಕೆಲವು ಗೆಳೆಯರೂ ಸೇರಿ ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ. ಫೆಬ್ರುವರಿಯಿಂದ ಮೇವರೆಗೆ ಯಾವ ಕೆರೆ, ಯಾವ ಹೊಲದಲ್ಲಿ ಯಾವ ವಲಸೆ ಹಕ್ಕಿ ಕಂಡಿತು ಎಂದು ಹಂಚಿಕೊಳ್ಳುತ್ತಾರೆ. ಈ ಸಲ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳು ಯಾವತ್ತು ಹೋದವು ಎಂಬುದಕ್ಕೆ ಮೂವರು ಮೂರು ತಾರೀಖು ಹೇಳಿ, ಮಾತಿಗೆ ಮಾತು ಬೆಳೆಯಿತು. ಮೇ ಮೊದಲ ವಾರ ಒಬ್ಬ ಹುಡುಗ ಗುಲಾಬಿ ಕಬ್ಬಕ್ಕಿ ಕಂಡೆ ಎಂದಾಗ ಎಲ್ಲರೂ ನಕ್ಕರು. ಜಾಗದ ಹೆಸರು ಹಾಕಬೇಡಿ ಎಂದು ಹೇಳಿ ಒಬ್ಬರು ಗುಂಪನ್ನೇ ಬಿಟ್ಟರು. ಕೊನೆಗೆ ಮಾಸ್ತರರು ಕೇಳಿದ್ದು: ‘ನಮ್ಮ ಈ ಎರಡೆರಡು ಸಾಲಿನ ಮೆಸೇಜುಗಳಿಂದ ಯಾರಿಗಾದರೂ ಉಪಯೋಗ ಇದೆಯೇ, ಇಲ್ಲಾ ಸುಮ್ನೆ ಹೊತ್ತು ಕಳೆಯುತ್ತಿದ್ದೇವೆಯೇ?’

ನಮಸ್ಕಾರ ಮಾಸ್ತರೇ,

ಜಗಳದಿಂದಲೇ ಶುರು ಮಾಡೋಣ. ಆ ಮೂವರು ಹೇಳಿದ ಮೂರು ತಾರೀಖೂ ಸರಿ ಇರಬಹುದು. ಹೆಬ್ಬಾತುಗಳು ಎಲ್ಲ ಒಟ್ಟಿಗೆ ಒಂದೇ ದಿನ ಎದ್ದು ಹೊರಡುವುದಿಲ್ಲ. ಒಂದು ಹಿಂಡು ಇವತ್ತು ಹೋದರೆ ಇನ್ನೊಂದು ನಾಲ್ಕು ದಿನ ಬಿಟ್ಟು ಹೋಗುತ್ತದೆ. ಗಾಯವಾದದ್ದೋ ಸೊರಗಿದ್ದೋ ಒಂದೆರಡು ಇನ್ನೂ ಕೆಲವು ದಿನ ಕೆರೆಯ ಮೂಲೆಯಲ್ಲಿ ಉಳಿದಿರುತ್ತವೆ. ‘ಹೋದವು’ ಅಂದರೆ ಮೊದಲ ಹಿಂಡು ಹೋದದ್ದೋ, ಮುಕ್ಕಾಲು ಪಾಲು ಖಾಲಿಯಾದದ್ದೋ, ಕೊನೆಯ ಹಕ್ಕಿ ಎದ್ದದ್ದೋ? ಇದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಮುಂದಿನ ವರ್ಷವೂ ಇದೇ ಜಗಳ.

ಇನ್ನೊಂದು, ನೋಡಲು ಹೋದ ಹೊತ್ತು. ಇವು ಸಂಜೆ ಹೊಲಕ್ಕಿಳಿದು ಶೇಂಗಾ, ಕಡಲೆ ಮೇಯುತ್ತವೆ. ರಾತ್ರಿ, ನಸುಕಿನಲ್ಲೂ ಹೊಲದಲ್ಲೇ ಇರುವುದುಂಟು. ಬಿಸಿಲೇರಿದ ಮೇಲೆ ಕೆರೆಗೆ ಬಂದು ಕೂರುತ್ತವೆ. ನಸುಕಿನಲ್ಲಿ ಬೈಕ್ ತಗೊಂಡು ಕೆರೆಗೆ ಹೋಗಿ, ಖಾಲಿ ನೀರು ನೋಡಿ ‘ಹೋಗಿಬಿಟ್ಟವು’ ಎಂದು ಮೆಸೇಜು ಹಾಕಿದವರು ಹತ್ತು ಗಂಟೆಗೆ ಮತ್ತೆ ಹೋಗಿದ್ದರೆ ಬೇರೆ ಮಾತು ಹೇಳುತ್ತಿದ್ದರೋ ಏನೋ. ತಾರೀಖಿನ ಪಕ್ಕದಲ್ಲಿ ಗಂಟೆಯೂ ಇರಲಿ ಅನ್ನುವುದು ಇದಕ್ಕೇ.

ನಿಮ್ಮ ಪತ್ರ ನನಗೆ ಯಾಕೆ ಹಿಡಿಸಿತು ಅಂದರೆ, ನೀವು ಹೋಗುವ ಹಕ್ಕಿಗಳ ಬಗ್ಗೆ ಬರೆದಿದ್ದೀರಿ. ಅಕ್ಟೋಬರ್, ನವೆಂಬರ್ ಬಂತೆಂದರೆ ನಮ್ಮ ಕಚೇರಿಗೆ ‘ಅತಿಥಿಗಳು ಬಂದರು’ ಎನ್ನುವ ಫೋಟೊಗಳ ರಾಶಿ ಬೀಳುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಯಾರೂ ಬರೆಯುವುದಿಲ್ಲ. ಯುರೋಪು, ಅಮೆರಿಕಗಳಲ್ಲಿ ವಸಂತದ ವಲಸೆ ಅಂದರೆ ಹಕ್ಕಿ ಬರುವ ಸಂಭ್ರಮ. ನಮ್ಮಲ್ಲಿ ಅದು ಬೀಳ್ಕೊಡುಗೆ. ಮೇ ತಿಂಗಳ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ ಎಂದು ನಮ್ಮ ಶಾಲೆಗಳಲ್ಲೂ ಪೋಸ್ಟರ್ ಅಂಟಿಸುತ್ತಾರೆ. ಆ ಹೊತ್ತಿಗೆ ನಮ್ಮ ಚಳಿಗಾಲದ ಅತಿಥಿಗಳಲ್ಲಿ ಜಾಸ್ತಿ ಪಾಲು ಹಿಮಾಲಯ ದಾಟಿಯಾಗಿರುತ್ತದೆ. ಶಾಲೆಗೂ ರಜೆ!

ಬಂದ ದಿನ ಬರೆಯುವುದು ಸುಲಭ. ನಿನ್ನೆ ಇರಲಿಲ್ಲ, ಇವತ್ತು ಕಂಡಿತು, ಮುಗಿಯಿತು. ಹೋದ ದಿನ ಹಾಗಲ್ಲ. ಹಿತ್ತಲಲ್ಲಿ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆಯನ್ನು ಇವತ್ತು ನೋಡುತ್ತೀರಿ. ಇದೇ ಕೊನೆಯ ಸಲ ಎಂದು ಆಗ ಗೊತ್ತಾಗುವುದಿಲ್ಲ. ಹತ್ತು ದಿನ ಕಳೆದ ಮೇಲೆ ‘ಅರೆ, ಕಾಣಿಸ್ತಾನೇ ಇಲ್ವಲ್ಲ’ ಅನ್ನಿಸುತ್ತದೆ. ಆಗ ನೆನಪಿನಿಂದ ತಾರೀಖು ಹೇಳಲು ಹೊರಟರೆ ಯುಗಾದಿಯ ಹಿಂದೋ ಮುಂದೋ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ.

ಹಾಗಾಗಿ ಗುಂಪಿನಲ್ಲಿ ಒಂದೇ ಒಂದು ಹೊಸ ಅಭ್ಯಾಸ ತನ್ನಿ. ಕಾಣದ ದಿನವನ್ನೂ ಬರೆಯಿರಿ. ‘12ನೇ ತಾರೀಖು, ಬೆಳಿಗ್ಗೆ 10, ಕೆರೆಯ ಏರಿ ಮೇಲೆ ಅರ್ಧ ಗಂಟೆ ನಿಂತೆ, ಹೆಬ್ಬಾತು 40. 15ನೇ ತಾರೀಖು, ಅದೇ ಜಾಗ, ಅದೇ ಹೊತ್ತು, ಒಂದೂ ಇಲ್ಲ.’ ಇಷ್ಟು ಸಿಕ್ಕರೆ 12ರಿಂದ 15ರೊಳಗೆ ಆ ಕೆರೆ ಬಿಟ್ಟವು ಎಂದು ಧೈರ್ಯವಾಗಿ ಹೇಳಬಹುದು. ಬರೀ ಭಾನುವಾರ ಹೋಗುವವರಾದರೆ ಒಂದು ವಾರ ಆಚೀಚೆ ಆಗುತ್ತದೆ, ಅದೂ ಪರವಾಗಿಲ್ಲ. ನೀವು ಹತ್ತು ಹನ್ನೆರಡು ಜನ ಇದ್ದೀರಿ. ವಾರದ ದಿನಗಳನ್ನು ಹಂಚಿಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ. ಆದರೆ ಒಂದು ಗಮನಿಸಿ: ಕೆರೆ ಬಿಟ್ಟ ಮಾತ್ರಕ್ಕೆ ಊರಿಗೇ ಹೊರಟವು ಎಂದಲ್ಲ. ಬೇಸಿಗೆಯಲ್ಲಿ ನೀರು ಇಳಿದು ಕೆಸರಾದರೆ ಪಕ್ಕದ ಕೆರೆಗೋ ತುಂಗಭದ್ರಾ ಹಿನ್ನೀರಿನ ಕಡೆಗೋ ಸರಿದಿರಬಹುದು. ನೀರು ಎಷ್ಟಿತ್ತು ಎಂದು ಒಂದು ಮಾತು ಸೇರಿಸಿದರೆ ಮುಂದೆ ಓದುವವರಿಗೆ ಅದು ಬಹಳ ಕೆಲಸಕ್ಕೆ ಬರುತ್ತದೆ.

ಇನ್ನು ನಗೆಗೀಡಾದ ಆ ಹುಡುಗನ ವಿಚಾರ. ಅವನ ಪರವಾಗಿ ನಾನು ಸ್ವಲ್ಪ ವಾದ ಮಾಡಬೇಕು.

ಗುಲಾಬಿ ಕಬ್ಬಕ್ಕಿ ನಮ್ಮ ಚಳಿಗಾಲದ ಅತಿಥಿಗಳಲ್ಲಿ ಬೇರೆಯೇ ಲೆಕ್ಕದ್ದು. ಬೇಗ ಬರುತ್ತದೆ, ತಡವಾಗಿ ಹೋಗುತ್ತದೆ. ಜುಲೈ, ಆಗಸ್ಟಿಗೇ ಭಾರತದಲ್ಲಿ ಕಾಣಿಸಿಕೊಳ್ಳಲು ಶುರು. ಕೊನೆಯ ಹಿಂಡುಗಳು ದೇಶ ಬಿಡುವುದು ಏಪ್ರಿಲ್, ಮೇ ಹೊತ್ತಿಗೆ. ಕಾರಣ ಮಿಡತೆ. ಕಜಕಸ್ತಾನದಂಥ ಮಧ್ಯ ಏಷ್ಯಾದ ಹುಲ್ಲುಬಯಲುಗಳಲ್ಲಿ ಮಿಡತೆಗಳು ಹೇರಳವಾಗುವ ಹೊತ್ತಿಗೆ ಸರಿಯಾಗಿ ಇವು ಅಲ್ಲಿ ಸಾವಿರಗಟ್ಟಲೆ ಒಟ್ಟಿಗೆ ಗೂಡು ಮಾಡಿ, ಮರಿ ಬೆಳೆಸಿ, ಲಗುಬಗೆಯಲ್ಲಿ ಮುಗಿಸಿಬಿಡುತ್ತವೆ. ಮೊದಲೇ ಹೋಗಿ ಮಾಡುವುದೇನೂ ಇಲ್ಲ. ಚೀನಾದ ಶಿಂಜಿಯಾಂಗ್‌ನಲ್ಲಂತೂ ಮಿಡತೆ ಹಾವಳಿ ತಡೆಯಲಿ ಎಂದು ಜನರೇ ಕಲ್ಲುಗಳನ್ನು ಪೇರಿಸಿ ಈ ಹಕ್ಕಿಗಳಿಗೆ ಗೂಡಿನ ಜಾಗ ಮಾಡಿಕೊಡುತ್ತಾರೆ. ನಮ್ಮ ರೈತರು ಜೋಳದ ಹೊಲದಲ್ಲಿ ಅಟ್ಟಣಿಗೆ ಕಟ್ಟಿ, ಕವಣೆ ಬೀಸಿ ಓಡಿಸುವ ಅದೇ ಹಕ್ಕಿಗೆ ಅಲ್ಲಿ ಆ ಮರ್ಯಾದೆ!

ಮುಂದಿನ ಮಾರ್ಚಿನಲ್ಲಿ ಆ ಹುಡುಗನಿಗೆ ಒಂದು ಕೆಲಸ ಕೊಡಿ. ಹೂ ಬಿಟ್ಟ ಮುತ್ತುಗದ ಮರವೋ ಬೂರುಗದ ಮರವೋ ನೋಡಿಕೊಂಡು ಬೆಳಿಗ್ಗೆ ಅದರ ಕೆಳಗೆ ನಿಲ್ಲಲಿ. ಕಬ್ಬಕ್ಕಿಗಳು ಮಕರಂದಕ್ಕೆ ಮುಗಿಬಿದ್ದಿರುತ್ತವೆ, ಗದ್ದಲವೋ ಗದ್ದಲ. ದುರ್ಬೀನಿನಲ್ಲಿ ಒಂದೇ ಹಕ್ಕಿಯನ್ನು ಹಿಡಿದು ನೋಡಲಿ. ನವೆಂಬರಿನಲ್ಲಿ ಅದರ ಮೈ ಕೊಳೆ ಹಿಡಿದಂತೆ ಮಂಕಾಗಿತ್ತು. ಈಗ ಬೆನ್ನು, ಹೊಟ್ಟೆ ಅಚ್ಚ ಗುಲಾಬಿ, ತಲೆ ರೆಕ್ಕೆಗಳು ಮಿಂಚುವ ಕಪ್ಪು. ಇದಕ್ಕಾಗಿ ಹೊಸ ಗರಿ ಹುಟ್ಟಿರುವುದಿಲ್ಲ. ಇದ್ದ ಗರಿಗಳ ಮಾಸಲು ಅಂಚು ಚಳಿಗಾಲವಿಡೀ ಸವೆದು ಸವೆದು, ಒಳಗಿನ ಬಣ್ಣ ಹೊರಗೆ ಬಂದಿರುತ್ತದೆ. ಮಂಕಾಗಿದ್ದ ಕೊಕ್ಕೂ ಗುಲಾಬಿಯಾಗಿ, ಬುಡದಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಮುಖಕ್ಕೆಲ್ಲ ಹೂವಿನ ಪರಾಗ ಮೆತ್ತಿಕೊಂಡು ಹಳದಿಯಾಗಿದ್ದರೆ ಇದು ಬೇರೆ ಯಾವುದೋ ಹಕ್ಕಿ ಎಂದು ಮೋಸಹೋಗಬಾರದು. ಹಿಂಡಿನಲ್ಲಿ ಎಷ್ಟು ಹಕ್ಕಿ ಮಂಕು, ಎಷ್ಟು ಬಣ್ಣ ತುಂಬಿದವು ಎಂದು ವಾರಕ್ಕೊಮ್ಮೆ ಬರೆದರೆ ಸಾಕು, ಪಯಣದ ತಯಾರಿ ಕಣ್ಣಮುಂದೆಯೇ ಕಾಣುತ್ತದೆ.

ಕೆರೆಯಂಚಿನ ಹಳದಿ ಸಿಪಿಲೆಗಳನ್ನೂ ಹೀಗೇ ನೋಡಬಹುದು. ಮಾರ್ಚ್ ಕೊನೆಗೆ ಅವುಗಳ ಎದೆ ಅರಿಶಿನದ ಬಣ್ಣಕ್ಕೆ ತಿರುಗಿರುತ್ತದೆ. ಬೇಲಿಯ ಪೊದೆಯೊಳಗೆ ಚಳಿಗಾಲವೆಲ್ಲ ಬರೀ ‘ಚಕ್, ಚಕ್’ ಎನ್ನುತ್ತಿದ್ದ ಜೊಂಡು ಉಲಿಯಕ್ಕಿ ಹೊರಡುವ ಮೊದಲು ಹಾಡಲು ಶುರುಮಾಡುತ್ತದೆ. ಅದರ ಹಾಡು ಕೇಳಿದ ದಿನವನ್ನೂ ಬರೆದಿಡಿ.

ಮೇ ತಿಂಗಳಲ್ಲಿ ಕಬ್ಬಕ್ಕಿ ಕಂಡೆ ಎಂದವನನ್ನು ನೋಡಿ ನಗುವ ಬದಲು ಏನು ಮಾಡಬೇಕಿತ್ತು? ಕೇಳಬೇಕಿತ್ತು. ಎಷ್ಟು ಹಕ್ಕಿ, ಯಾವ ಮರ, ಎಷ್ಟು ದೂರ, ಬಣ್ಣ ಹೇಗಿತ್ತು, ಮಸುಕಾದರೂ ಪರವಾಗಿಲ್ಲ ಒಂದು ಫೋಟೊ ಇದೆಯಾ ಅಂತ. ಹಕ್ಕಿ ನೋಡುಗರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಎಂಬ ಜಾಲತಾಣದಲ್ಲೂ ಇದೇ ಪದ್ಧತಿ. ಒಂದು ಹಕ್ಕಿಯನ್ನು ಆ ಜಾಗಕ್ಕೋ ಆ ತಿಂಗಳಿಗೋ ಹೊಂದದ ಹಾಗೆ ದಾಖಲಿಸಿದರೆ ಅದು ತಾನಾಗಿ ಬೇರೆ ಸಾಲಿಗೆ ಹೋಗುತ್ತದೆ. ಆ ಪ್ರದೇಶದ ಹಕ್ಕಿಗಳನ್ನು ಬಲ್ಲ ಸ್ವಯಂಸೇವಕರು ವಿವರ ಕೇಳುತ್ತಾರೆ. ಅನುಮಾನ ಅವಮಾನವಲ್ಲ ಎಂದು ಗುಂಪಿನ ಹಿರಿಯರು ಹುಡುಗರಿಗೆ ಹೇಳಿಕೊಟ್ಟರೆ ಒಳ್ಳೆಯದು. ಹಿರಿಯರಿಗೂ ಯಾರಾದರೂ ಹೇಳಬೇಕು, ಅದು ಬೇರೆ ಮಾತು. ಇವತ್ತು ನಗಿಸಿಕೊಂಡ ಹುಡುಗ ನಾಳೆ ನಿಜವಾಗಿಯೂ ಅಪರೂಪದ ಹಕ್ಕಿ ಕಂಡರೂ ಬಾಯಿ ಬಿಡುವುದಿಲ್ಲ, ಅಲ್ವಾ?

ಉಪಯೋಗ ಇದೆಯೇ ಎಂದಿರಿ. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ‘ಇಂಡಿಯನ್ ಬರ್ಡ್ಸ್’ ಪತ್ರಿಕೆಯ ಜೊತೆ ಸೇರಿ ಮೈಗ್ರೆಂಟ್‌ವಾಚ್ ಎಂಬ ಯೋಜನೆ ಶುರು ಮಾಡಿದರು. ಅವರು ಜನರನ್ನು ಕೇಳಿದ್ದು ನಿಮ್ಮ ಗುಂಪು ಜಗಳವಾಡಿದ ಸಂಗತಿಯನ್ನೇ: ಚಳಿಗಾಲದ ವಲಸೆ ಹಕ್ಕಿಯನ್ನು ನಿಮ್ಮೂರಲ್ಲಿ ಮೊದಲು ಯಾವತ್ತು ಕಂಡಿರಿ, ಕೊನೆಗೆ ಯಾವತ್ತು? ಆಮೇಲೆ ಆ ಕೆಲಸ ಇ-ಬರ್ಡ್‌ನೊಳಗೆ ಸೇರಿಕೊಂಡಿತು. ಅಲ್ಲಿ ಪೂರ್ತಿ ಪಟ್ಟಿ ಎಂಬ ಒಂದು ಕ್ರಮ ಇದೆ. ಹೋದ ಜಾಗದಲ್ಲಿ ಗುರುತಿಸಿದ ಎಲ್ಲ ಹಕ್ಕಿಗಳನ್ನೂ, ಕಾಗೆ ಗೊರವಂಕವನ್ನೂ ಬಿಡದೆ, ಬರೆಯಬೇಕು. ಎಷ್ಟು ಹೊತ್ತು ಇದ್ದಿರಿ, ಎಷ್ಟು ದೂರ ನಡೆದಿರಿ ಎಂದೂ ಹೇಳಬೇಕು. ಪಟ್ಟಿ ಪೂರ್ತಿಯಾದರೆ ಅದರಲ್ಲಿ ಇಲ್ಲದ ಹಕ್ಕಿಯೂ ಲೆಕ್ಕಕ್ಕೆ ಸಿಗುತ್ತದೆ. ನಾನು ಮೇಲೆ ಹೇಳಿದ ‘ಕಾಣದ ದಿನ’ ಇದೇ.

2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ನಿಂತಿರುವುದು ಇಂಥ ಪಟ್ಟಿಗಳ ಮೇಲೆ. 30 ಸಾವಿರಕ್ಕೂ ಹೆಚ್ಚು ಹಕ್ಕಿ ನೋಡುಗರು ಕೊಟ್ಟ 3 ಕೋಟಿಗೂ ಹೆಚ್ಚು ದಾಖಲೆಗಳನ್ನು ಜಾಲಾಡಿ 942 ಜಾತಿಗಳ ಸ್ಥಿತಿ ನೋಡಿದ್ದಾರೆ. ದೂರದ ವಲಸೆ ಹಕ್ಕಿಗಳು ಊರಲ್ಲೇ ಇರುವ ಹಕ್ಕಿಗಳಿಗಿಂತ ಜಾಸ್ತಿ ಕುಸಿದಿವೆ ಎಂಬುದು ಗೊತ್ತಾದದ್ದು ಹೀಗೆ. ನಿಮ್ಮ ಕೆರೆಗಳಲ್ಲಿ ಕಾಣುವ ಸಲಿಕೆ ಕೊಕ್ಕಿನ ಬಾತು ಕಡಿಮೆಯಾಗಿದೆ ಎಂದು ಅದೇ ವರದಿ ಎಚ್ಚರಿಸಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠವೂ ಆ ಸಾಲಿನಲ್ಲಿದೆ. ಆದರೆ ಹೊರಡುವ ದಿನ ಹಿಂದೆ ಮುಂದೆ ಆಗುತ್ತಿದೆಯೇ ಎಂದು ಹೇಳಲು ಒಂದೇ ಜಾಗದ ಹತ್ತಾರು ವರ್ಷದ ಲೆಕ್ಕ ಬೇಕು. ಯುರೋಪಿನಲ್ಲಿ ಅಂಥ ಹಳೆಯ ಲೆಕ್ಕ ಇದೆ, ಹಾಗಾಗಿ ಅಲ್ಲಿ ಎಷ್ಟೋ ಹಕ್ಕಿಗಳು ಮೊದಲಿಗಿಂತ ಬೇಗ ಬರುತ್ತಿವೆ ಎಂದು ತೋರಿಸಲು ಸಾಧ್ಯವಾಯಿತು. ಮಾಗಡಿ ಕೆರೆಗೆ 2024ರಲ್ಲಿ ರಾಮ್‌ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಮನ್ನಣೆ, ಸಿಕ್ಕಿತು. ವರ್ಷಕ್ಕೆ ಸುಮಾರು 8 ಸಾವಿರ ಹೆಬ್ಬಾತು ಬರುತ್ತವೆ ಎಂದು ಎಲ್ಲ ಕಡೆ ಬರೆದರು. ಅವು ಹೋದ ದಿನಗಳ ಸಾಲು ಯಾರ ಬಳಿ ಇದೆ? ಊರಿನವರೇ ಇಡಬೇಕು. ವಾಟ್ಸಾಪ್‌ನಲ್ಲಿ ಇಟ್ಟರೆ ಇಟ್ಟ ಹಾಗಲ್ಲ. ಫೋನು ಹಾಳಾದರೆ, ಗುಂಪು ಒಡೆದರೆ ಎಲ್ಲ ಹೋಯಿತು. ಅಲ್ಲಿ ಹರಟಿ, ರಾತ್ರಿ ಯಾರಾದರೂ ಒಬ್ಬರು ನೋಟ್‌ಬುಕ್ಕಿಗೋ ಇ-ಬರ್ಡಿಗೋ ಏರಿಸಲಿ.

ಕುತ್ತಿಗೆಗೆ ಸಂಶೋಧಕರು ತೊಡಿಸಿದ ಗುರುತಿನ ಪಟ್ಟಿ ಇರುವ ಹೆಬ್ಬಾತು ಕಂಡರೆ ಮಾತ್ರ ಫೋಟೊ ತೆಗೆಯಲೇಬೇಕು. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಅಂಕಿ ಬರೆದುಕೊಳ್ಳಿ. ಮಂಗೋಲಿಯಾದಲ್ಲಿ ಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ.

ಗುಂಪು ಬಿಟ್ಟವರ ಮಾತಿನಲ್ಲಿ ಹುರುಳಿದೆ, ದಯವಿಟ್ಟು ಅವರನ್ನು ವಾಪಸ್ ಕರೆಯಿರಿ. ಮಾಗಡಿ ಕೆರೆಯ ಹೆಸರು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಲೋಕಕ್ಕೇ ಗೊತ್ತು. ಆದರೆ ಸೆಳೆವ ಎಂಬ ಬೇಟೆಹಕ್ಕಿಗಳು ಸಂಜೆ ಹುಲ್ಲುಬಯಲಿನಲ್ಲಿ ನೆಲದ ಮೇಲೆಯೇ ತಂಗುತ್ತವೆ. ಆ ಜಾಗ ಹೊರಬಿದ್ದರೆ ಮರುದಿನವೇ ನಾಲ್ಕು ಜೀಪು, ಎರಡು ಡ್ರೋನು. ದೂರದ ಹಾರಾಟಕ್ಕೆ ಕೊಬ್ಬು ಕೂಡಿಸಿಕೊಳ್ಳುವ ಹೊತ್ತಿನಲ್ಲಿ ಹಕ್ಕಿಯನ್ನು ಪದೇ ಪದೇ ಎಬ್ಬಿಸಿದರೆ ಅದರ ಗಂಟೇ ಕರಗುತ್ತದೆ. ಹಾಗಾಗಿ ಗೂಡು, ತಂಗುದಾಣ, ಅಪರೂಪದ ಹಕ್ಕಿ ಇವುಗಳಿಗೆ ಬರೀ ತಾಲ್ಲೂಕಿನ ಹೆಸರು ಹಾಕಿ. ಸರಿಯಾದ ಜಾಗ ನೋಟ್‌ಬುಕ್ಕಿನಲ್ಲಿರಲಿ, ಹಕ್ಕಿ ಹೋದ ಮೇಲೆ ಬೇಕಾದರೆ ಹೇಳಿಕೊಳ್ಳಿ.

ನಿಮ್ಮ ಒಂಬತ್ತನೇ ತರಗತಿ ಮಕ್ಕಳ ಪ್ರಶ್ನೆ ಮರೆತಿಲ್ಲ: ಹೆಬ್ಬಾತುಗಳು ನಿಜಕ್ಕೂ ಎವರೆಸ್ಟ್ ಮೇಲಿಂದ ಹಾರುತ್ತವೆಯೇ? ಉಪಗ್ರಹದ ಸಾಧನ ಕಟ್ಟಿ ನೋಡಿದಾಗ ಸಿಕ್ಕ ಅತಿ ಎತ್ತರ 7,290 ಮೀಟರ್. ಎವರೆಸ್ಟ್ 8,849. ಹೆಚ್ಚಿನ ಹೊತ್ತು ಇನ್ನೂ ಕೆಳಗೇ, ಕಣಿವೆ ಬಂದರೆ ಇಳಿದು ಬೆಟ್ಟ ಬಂದರೆ ಏರಿ, ನೆಲವನ್ನು ಅನುಸರಿಸಿಯೇ ಹಾರುತ್ತವೆ. ಹೆಚ್ಚಾಗಿ ರಾತ್ರಿ, ನಸುಕಿನಲ್ಲಿ. ತಣ್ಣಗಿನ ಗಾಳಿ ಹೆಚ್ಚು ದಟ್ಟ, ರೆಕ್ಕೆಗೆ ಆಸರೆ ಜಾಸ್ತಿ, ಆಮ್ಲಜನಕವೂ ಜಾಸ್ತಿ. ವಿಜ್ಞಾನದ ಪಾಠಕ್ಕೆ ಇದನ್ನು ಬಳಸಿಕೊಳ್ಳಬಹುದು.

ಶಾಲೆಯ ಗೋಡೆಗೆ ಪಟ್ಟಿ ಹೇಗೆ ಮಾಡಲಿ ಎಂದಿದ್ದಿರಿ. ಐದು ಹಕ್ಕಿ ಸಾಕು, ಜಾಸ್ತಿ ಬೇಡ: ಹೆಬ್ಬಾತು, ಸಲಿಕೆ ಕೊಕ್ಕಿನ ಬಾತು, ಹಳದಿ ಸಿಪಿಲೆ, ಗುಲಾಬಿ ಕಬ್ಬಕ್ಕಿ, ಅಂಬರಗುಬ್ಬಿ. ಮೇಲೆ ತಾರೀಖು, ಪಕ್ಕದಲ್ಲಿ ಹಕ್ಕಿ, ಮನೆಯೊಳಗೆ ಅಂಕಿ. ಹೋಗಿ ನೋಡಿ ಕಾಣದಿದ್ದರೆ ಸೊನ್ನೆ, ಹೋಗದೇ ಇದ್ದರೆ ಅಡ್ಡಗೆರೆ. ಈ ಎರಡನ್ನು ಮಾತ್ರ ಬೆರೆಸಬೇಡಿ. ಏಪ್ರಿಲ್ ರಜೆಯಲ್ಲಿ ಯಾರು ನೋಡುತ್ತಾರೆ ಎಂಬುದನ್ನು ಪರೀಕ್ಷೆಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ಮುಂದಿನ ಜೂನಿನಲ್ಲಿ ಆ ಪಟ್ಟಿಯ ಫೋಟೊ ಕಳಿಸಿದರೆ ಸೊನ್ನೆಗಳ ಸಮೇತ ಅಚ್ಚು ಹಾಕುತ್ತೇವೆ.

— ಸಂಪಾದಕ