ಕಾಲೇಜಿನಲ್ಲಿ ಕಲಿಯದೆ ಮಿಕ್ಸೆಡ್ ಮೀಡಿಯಾ ಕಲಾವಿದೆಯಾಗಿ ಬದುಕಬಹುದಾ?

ಚಿತ್ರಕಲೆ ಕಾಲೇಜಿಗೆ ಹೋಗಿಲ್ಲ, ಮನೆಯಲ್ಲೇ ಬಣ್ಣ, ಬಟ್ಟೆ, ಹಳೆ ಕಾಗದ ಸೇರಿಸಿ ಕಲಾಕೃತಿ ಮಾಡ್ತೀನಿ, ಕೆಲಸ ಬಿಟ್ಟು ಇದನ್ನೇ ನೆಚ್ಚಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಬದುಕಬಹುದು. ನಾನೂ ಬಿವಿಎ, ಅಂದರೆ ಚಿತ್ರಕಲೆಯ ಡಿಗ್ರಿ, ಓದಿದವಳಲ್ಲ. ಶಿವಮೊಗ್ಗದಲ್ಲಿ ಮನೆಯ ಹಿಂದಿನ ಕೋಣೆಯಲ್ಲೇ ನನ್ನ ಕೆಲಸ, ಮನೆ ಖರ್ಚು ನಡೆಯುವುದೂ ಇದರಲ್ಲೇ. ಆದರೆ ಕೆಲಸ ಬಿಡುವ ಮುಂಚೆ ನೀವು ಗಟ್ಟಿ ಮಾಡಿಕೊಳ್ಳಬೇಕಾದದ್ದು ಒಂದಿದೆ.

ಕೊಳ್ಳಲು ಬಂದವರು ಯಾರೂ ನನ್ನ ಡಿಗ್ರಿ ಕೇಳಿಲ್ಲ. ಅವರು ಕೇಳುವುದು "ಮೇಡಂ, ಇದು ಎಷ್ಟು ವರ್ಷ ಇರುತ್ತೆ? ಬಣ್ಣ ಹೋಗಲ್ವಾ? ಮಳೆಗಾಲದಲ್ಲಿ ಬೂಸ್ಟು ಹಿಡಿದರೆ?" ಅಂತ. ನಮ್ಮಂಥವರು ತಡವರಿಸುವುದು ಇಲ್ಲೇ. ಕಾಲೇಜಿನಲ್ಲಿ ಓದಿದವರಿಗೆ ಸಾಮಗ್ರಿಗಳ ಗುಣ ಪಾಠದ ಜೊತೆಗೇ ಒಂದಿಷ್ಟು ತಿಳಿಯುತ್ತದೆ. ವಿಡಿಯೋ ನೋಡಿ ಕಲಿತವರಿಗೆ ಕೃತಿ ಮುಗಿದ ದಿನ ಹೇಗೆ ಕಾಣುತ್ತೆ ಅನ್ನುವುದಷ್ಟೇ ಗೊತ್ತಾಗುತ್ತದೆ, ಐದು ವರ್ಷ ಆದ ಮೇಲೆ ಏನಾಗುತ್ತೆ ಅನ್ನುವುದನ್ನು ಯಾರೂ ತೋರಿಸಲ್ಲ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನು ಕ್ಯಾನ್ವಾಸಿಗೆ ಅಂಟಿಸಿ ಸುತ್ತ ಹಗ್ಗ ಕಟ್ಟಿದ ಮೇಲೆ ಏನು ಬೇಕಾದರೂ ಅಂಟಿಸುವ ಸ್ವಾತಂತ್ರ್ಯ ನಮಗೆ ಸಿಕ್ಕಿದೆ. ಅಂಟಿಸಿದ್ದು ನಿಲ್ಲುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಪೂರ್ತಿ ನಮ್ಮದು.

ನ್ಯೂಸ್‌ಪೇಪರನ್ನೇ ತಗೊಳ್ಳಿ. ಎಲ್ಲರೂ ಮೊದಲು ಅಂಟಿಸುವುದು ಅದನ್ನೇ. ಅದರಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಹಿಡಿದಿಡುವ ಅಂಶ, ಹಾಗೇ ಉಳಿದಿರುತ್ತದೆ, ಬಿಸಿಲು ಗಾಳಿಗೆ ಹಳದಿಯಾಗಿ, ಆಮೇಲೆ ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಮೇಲೆ ಎಷ್ಟು ವಾರ್ನಿಷ್ ಹೊಡೆದರೂ ಒಳಗಿನ ಬದಲಾವಣೆ ನಿಲ್ಲಲ್ಲ. ಆ ಪುಟವೇ ಬೇಕು ಅಂದರೆ ನಾನು ಸ್ಕ್ಯಾನ್ ಮಾಡಿ, ಆಮ್ಲವಿಲ್ಲದ ಕಾಗದದ ಮೇಲೆ ಬೇಗ ಮಾಸದ ಪಿಗ್ಮೆಂಟ್ ಇಂಕಿನಲ್ಲಿ ಪ್ರಿಂಟ್ ತೆಗೆಸಿ ಅಂಟಿಸುತ್ತೇನೆ. ಮೈದಾ ಅಂಟು ಅಗ್ಗ, ಆದರೆ ಹುಳಕ್ಕೆ ಅದು ಊಟ. ಹಳೆ ಬುಕ್ ಬೈಂಡರುಗಳು ಅದಕ್ಕೆ ಹುಳಕ್ಕೆ ವಿಷವಾದ ಮೈಲುತುತ್ತ ಬೆರೆಸುತ್ತಿದ್ದದ್ದು ಸುಮ್ನೆ ಅಲ್ಲ. ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣದ ಮೇಲೆ ಎಣ್ಣೆ ಬಣ್ಣ ಹಚ್ಚಬಹುದು. ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಹಚ್ಚಿದರೆ ಹಿಡಿದುಕೊಳ್ಳಲ್ಲ, ಇವತ್ತಲ್ಲ ನಾಳೆ ಎದ್ದು ಬರುತ್ತದೆ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಒಂದೇ ಕಡೆ ಒದ್ದೆ ಕಾಗದ ಅಂಟಿಸಿದರೆ ಒಣಗುವಾಗ ಅದು ಹಲಗೆಯನ್ನು ಎಳೆದು ಬಾಗಿಸುತ್ತದೆ. ಹಿಂಬದಿಗೂ ಒಂದು ಕಾಗದ ಅಂಟಿಸಿ, ಅಂಚುಗಳಿಗೂ ಪ್ರೈಮರ್ ಕೊಡಿ. ಫ್ರೇಮ್ ಹಾಕಿಸುವಾಗ ಗಾಜು ಕೃತಿಗೆ ತಾಗಬಾರದು, ನಡುವೆ ಸಣ್ಣ ಪಟ್ಟಿ ಇಟ್ಟು ಜಾಗ ಬಿಡಿ ಅಂತ ಫ್ರೇಮಿನವರಿಗೆ ಒತ್ತಿ ಹೇಳಿ. ತೇವ ಜಾಸ್ತಿ ಇರುವ ಮಲೆನಾಡಿನಲ್ಲಂತೂ ಇದು ಬೇಕೇ ಬೇಕು.

ನಮ್ಮ ಜಿಲ್ಲೆಯ ಸಾಗರದ ಕಡೆ ದೀವರು ಸಮುದಾಯದ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುತ್ತಾರೆ. ಗೋಡೆಗೆ ಕೆಮ್ಮಣ್ಣು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಕುಂಚಕ್ಕೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಬುಟ್ಟಿಗೂ ಬರೆಯುತ್ತಾರೆ. ಆ ಕೆಂಪಿನ ಮೇಲೆ ನನಗೆ ತುಂಬಾ ಪ್ರೀತಿ, ನನ್ನ ಸುಮಾರು ಕೃತಿಗಳಲ್ಲಿ ಅದು ಇದೆ. ಆದರೆ ಅಲ್ಲಿ ಚಿತ್ತಾರ ಮಾಸಿದರೆ ಮುಂದಿನ ಹಬ್ಬಕ್ಕೋ ಮದುವೆಗೋ ಮತ್ತೆ ಬರೆಯುತ್ತಾರೆ, ಕಲೆ ಉಳಿದಿರುವುದೇ ಆ ಮತ್ತೆ ಬರೆಯುವ ಕೈಗಳಲ್ಲಿ. ನಾನು ಮಾರಿದ ಕೃತಿಯನ್ನು ಬೆಂಗಳೂರಿನ ಯಾರದೋ ಮನೆಗೆ ಹೋಗಿ ಮತ್ತೆ ಬರೆಯಕ್ಕಾಗಲ್ಲ ಅಲ್ವಾ? ಅದಕ್ಕೇ ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳಕ್ಕೆ ಕೂತ ಮೇಲೆ ಮೇಲಿನದನ್ನು ತೆಳು ಪಂಚೆಯಲ್ಲಿ ಸೋಸಿ, ಒಣಗಿಸಿ, ಅರೆದು, ಬಣ್ಣವಿಲ್ಲದ ಅಂಟಿನಂಥ ಅಕ್ರಿಲಿಕ್ ಮೀಡಿಯಂನಲ್ಲಿ ಕಲಸುತ್ತೇನೆ. ಮೀಡಿಯಂ ಕಮ್ಮಿಯಾದರೆ ಬೆರಳಿಗೆ ಮಣ್ಣು ಹತ್ತುತ್ತದೆ, ಜಾಸ್ತಿಯಾದರೆ ಮಣ್ಣಿನ ಒರಟು ಹೋಗಿ ಪ್ಲಾಸ್ಟಿಕ್ ಥರ ಮಿಂಚುತ್ತದೆ. ಒಂದು ಚೂರು ಹಲಗೆಗೆ ಹಚ್ಚಿ, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಒರೆಸಿ ನೋಡದೆ ನಾನು ದೊಡ್ಡದಕ್ಕೆ ಕೈ ಹಾಕಲ್ಲ.

ದುಡ್ಡಿನ ವಿಷಯಕ್ಕೆ ಬರ್ತೀನಿ. ನನ್ನ ಮನಸ್ಸಿನ ಕೃತಿಗಳಿಂದ ಬರುವುದು ಸ್ವಲ್ಪ. ಹೋಮ್‌ಸ್ಟೇ ಗೋಡೆಗಳು, ಮಕ್ಕಳಿಗೆ ರಜೆಯ ಕ್ಲಾಸು, ಆಮೇಲೆ ನೆನಪಿನ ಆರ್ಡರುಗಳು, ಹೆಚ್ಚು ಬರುವುದು ಇವುಗಳಿಂದ. ನೆನಪಿನ ಆರ್ಡರ್ ಅಂದರೆ ತೀರಿಹೋದ ಅಜ್ಜಿಯ ಸೀರೆ, ಅಪ್ಪನ ಪತ್ರ, ಹಳೆ ಮದುವೆ ಕಾಗದ ತಂದು ಇದರಿಂದ ಏನಾದರೂ ಮಾಡಿಕೊಡಿ ಅನ್ನುತ್ತಾರೆ. ಒಬ್ಬರು ಅವರಮ್ಮನ ಇಳಕಲ್ ಸೀರೆ ತಂದಿದ್ದರು. "ಸೆರಗು ಮಾತ್ರ ಕತ್ತರಿಸಬೇಡಮ್ಮ" ಅಂದರು. "ಇಲ್ಲ ಅಕ್ಕ, ಒಳಗೆ ಸಿಕ್ಕಿಸುವ ಕಡೆಯಿಂದ ತಗೋತೀನಿ" ಅಂದೆ. ತೋಪು ತೆನೆ ಸೆರಗನ್ನು ಮಡಿಸಿ ವಾಪಸ್ ಕೊಟ್ಟು, ಸವೆದ ಕಡೆಯ ಒಂದು ಗೇಣು ಬಟ್ಟೆ ಇಟ್ಟುಕೊಂಡೆ. ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿದರೆ ಕೆಂಪು ಬಿಡುತ್ತಿತ್ತು. ನೀರಿನ ಅಂಟು ತಾಗಿಸುವಂತಿಲ್ಲ. ಕಾಟನ್ ಬಟ್ಟೆ ಬಿಗಿದು, ಅದರ ಮೇಲೆ ಸಣ್ಣ ಹೊಲಿಗೆಯಲ್ಲಿ ಕೂರಿಸಿ, ಬಣ್ಣದ ಕೆಲಸವನ್ನೆಲ್ಲ ಬೇರೆ ಹಲಗೆಯ ಮೇಲೆ ಮಾಡಿ ಆಮೇಲೆ ಜೋಡಿಸಿದೆ. ಇಂಥ ಕೆಲಸಕ್ಕೆ ಚದರ ಇಂಚಿನ ರೇಟು ಹೇಳಲೇಬೇಡಿ. ಸಾಮಗ್ರಿ, ಫ್ರೇಮು, ನಿಮ್ಮ ದಿನದ ಕೂಲಿ ಲೆಕ್ಕ ಹಾಕಿ ಹೇಳಿ, ಅರ್ಧ ಮುಂಗಡ ತಗೊಳ್ಳಿ. ಗ್ಯಾಲರಿಯವರು ಮಾರಿದರೆ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಅವರಿಗೆ ಹೋಗಬಹುದು, ಅದನ್ನೂ ಮೊದಲೇ ಯೋಚಿಸಿ ಬೆಲೆ ಇಡಿ.

ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ದುಡ್ಡು ಕೊಟ್ಟು ಹೇಳಿ ಮಾಡಿಸಿದ ಪೇಂಟಿಂಗಿನ ಕಾಪಿರೈಟು, ಅಂದರೆ ಅದನ್ನು ನಕಲು ಮಾಡಿ ಬಳಸುವ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರಿಗೇ ಸೇರುತ್ತದೆ. ನಿಮ್ಮ ಚಿತ್ರವನ್ನು ಅವರು ಕ್ಯಾಲೆಂಡರಿಗೆ ಹಾಕಿಕೊಂಡರೂ ನೀವು ಕೇಳುವ ಹಾಗಿಲ್ಲ. ಹಾಗಾಗಿ ಕಾಪಿರೈಟ್ ಕಲಾವಿದೆಯದು ಅಂತ ಒಂದು ಸಾಲು ಬರೆದು ಇಬ್ಬರೂ ಸಹಿ ಮಾಡಿ.

ಬೆಂಗಳೂರಿನ ಚಿತ್ರಸಂತೆಗೆ ಖಂಡಿತ ಅರ್ಜಿ ಹಾಕಿ. ಚಿತ್ರಕಲಾ ಪರಿಷತ್ತಿನವರು ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಾರೆ, ನೇರ ಕೊಳ್ಳುವವರ ಎದುರಿಗೇ ನಿಲ್ಲಬಹುದು. ಕೈಯಲ್ಲಿ ಹಿಡಿದು ಬಸ್ಸು ಹತ್ತುವಷ್ಟು ಸಣ್ಣ ಕೃತಿಗಳನ್ನೂ ಇಟ್ಟುಕೊಂಡು ಹೋಗಿ. ಸಮಯ ಸಿಕ್ಕರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ಎನ್‌ಜಿಎಂಎಗೆ, ಅಂದರೆ ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿಗೆ ಹೋಗಿ, ಕೃತಿಗಳ ಅಂಚು ಮೂಲೆಗಳನ್ನು ಹತ್ತಿರದಿಂದ ನೋಡಿ. ಯಾವುದರ ಮೇಲೆ ಯಾವುದು ಕೂತಿದೆ ಅನ್ನುವುದು ಅಲ್ಲಿ ಕಾಣುತ್ತದೆ.

ಕೆಲಸ ಮಾತ್ರ ಈಗಲೇ ಬಿಡಬೇಡಿ. ನಿಮ್ಮದೇ ಒಂದು ಕೃತಿಯ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಿ, ಇನ್ನೊಂದನ್ನು ಬಚ್ಚಲ ಪಕ್ಕದ ಗೋಡೆಗೆ ನೇತುಹಾಕಿ, ಒಂದು ಮಳೆಗಾಲ ಕಳೆಯಲಿ, ಬಿಸಿಲಿಗೆ ಬಣ್ಣ ಎಷ್ಟು ಹೋಯ್ತು, ತೇವಕ್ಕೆ ಏನಾಯ್ತು ಅಂತ ನೋಡಿ. ಅಷ್ಟರಲ್ಲಿ ಮುಂಗಡ ಕೊಟ್ಟು ಆರ್ಡರ್ ಮಾಡುವವರು ಎಷ್ಟು ಜನ ಅಂತಲೂ ಗೊತ್ತಾಗುತ್ತದೆ. ನೀವು ಯಾವ ಊರು, ಯಾವ ಅಂಟು, ಯಾವ ಹಲಗೆ ಬಳಸ್ತೀರಿ ಅಂತ ಕೆಳಗೆ ಬರೆಯಿರಿ, ನನಗೆ ಗೊತ್ತಿರುವಷ್ಟು ಖಂಡಿತ ಹೇಳ್ತೀನಿ.