ಡೆಡ್ ಸ್ಪೇಸ್ ಆಟದಲ್ಲಿ ಕೈಯಲ್ಲಿ ಆಯುಧವಿದ್ದರೂ ಭಯವೇಕೆ ಕಡಿಮೆಯಾಗುವುದಿಲ್ಲ?

ಆಯುಧವಿಲ್ಲದೆ ಅಡಗಿ ಕೂರುವ ಆಟಗಳಿಗಿಂತ ಡೆಡ್ ಸ್ಪೇಸ್ ಹೆಚ್ಚು ಹೆದರಿಸುವುದೇಕೆ ಎಂದು ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ಅಲ್ಲಿನ ಭಯ ಹುಟ್ಟುವುದೇ ಆಯುಧವನ್ನು ಬಳಸಬೇಕಾದ ರೀತಿಯಿಂದ.

2008ರಲ್ಲಿ ಬಂದ ಈ ಭಯಾನಕ ವಿಡಿಯೋ ಆಟದ ನಾಯಕ ಐಸಾಕ್ ಕ್ಲಾರ್ಕ್ ಸೈನಿಕನಲ್ಲ. ಸಂಪರ್ಕ ಕಡಿದುಹೋದ ಇಶಿಮುರಾ ಎಂಬ ಬೃಹತ್ ಗಣಿಗಾರಿಕೆ ಬಾಹ್ಯಾಕಾಶ ನೌಕೆಯ ದುರಸ್ತಿಗೆ ಬಂದ ಎಂಜಿನಿಯರ್. ಅವನಿಗೆ ಮೊದಲು ಸಿಗುವ ಪ್ಲಾಸ್ಮಾ ಕಟರ್ ಕೂಡ ಗಣಿ ಕೆಲಸದ ಉಪಕರಣವೇ. ಸತ್ತವರ ದೇಹಗಳಿಂದ ರೂಪುಗೊಂಡ ನೆಕ್ರೋಮಾರ್ಫ್‌ಗಳು, ಬೇರೆ ಶೂಟಿಂಗ್ ಆಟಗಳ ರೂಢಿಯಂತೆ ತಲೆಗೆ ಹೊಡೆದರೆ, ತಲೆ ಹಾರಿಹೋದ ಮೇಲೂ ಮುನ್ನುಗ್ಗುತ್ತವೆ. ಅವುಗಳ ಕೈಕಾಲುಗಳನ್ನೇ ಕತ್ತರಿಸಬೇಕು. ಬೀಸುತ್ತಾ ಓಡಿಬರುವ ಸಣಕಲು ತೋಳಿನ ಮೇಲೆ, ಕಟರಿನ ಬೆಳಕಿನ ಗೆರೆಯನ್ನು ಅಡ್ಡಕ್ಕೋ ಲಂಬಕ್ಕೋ ತಿರುಗಿಸಿ, ಇರುವ ಅಲ್ಪ ಮದ್ದುಗುಂಡು ವ್ಯರ್ಥವಾಗದಂತೆ ಗುರಿಯಿಡಬೇಕು. ಗಾಬರಿಗೊಂಡ ಮನುಷ್ಯನಿಂದ ಆಗದ ನಿಖರತೆಯನ್ನು ಆಟ ಗಾಬರಿಯ ಗಳಿಗೆಯಲ್ಲೇ ಕೇಳುತ್ತದೆ. ವಿನ್ಯಾಸದ ಈ ಒಂದು ನಿರ್ಧಾರವನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ಬಿಡುವನ್ನೂ ಆಟ ಕೊಡುವುದಿಲ್ಲ. ಐಸಾಕ್‌ನ ಜೀವಬಲ ಪರದೆಯ ಮೂಲೆಯಲ್ಲಿರದೆ ಅವನ ಉಡುಪಿನ ಬೆನ್ನುಮೂಳೆಯ ಮೇಲೆ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಉಳಿದ ಗುಂಡುಗಳ ಸಂಖ್ಯೆ ಆಯುಧದ ಮೇಲೆಯೇ ಮೂಡುತ್ತದೆ. ಸಾಮಗ್ರಿಗಳ ಪಟ್ಟಿ ಅವನೆದುರು ಗಾಳಿಯಲ್ಲಿ ತೆರೆದುಕೊಂಡಾಗ ಆಟ ನಿಲ್ಲುವುದಿಲ್ಲ, ಆದ್ದರಿಂದ ಔಷಧಿ ಹುಡುಕುತ್ತಿರುವಾಗಲೇ ಹಿಂದಿನಿಂದ ದಾಳಿಯಾಗಬಹುದು. ಗಾಳಿಯಿಲ್ಲದ ವಿಭಾಗಗಳಲ್ಲಂತೂ ಹೊರಗಿನ ಸದ್ದೆಲ್ಲ ಉಡುಗಿ, ಉಸಿರಾಟವೇ ಎದ್ದು ಕೇಳುತ್ತದೆ. ಎದುರಿಗೆ ಬರುವುದನ್ನು ಕಿವಿಯಿಂದ ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಹೆಡ್‌ಫೋನ್ ಇಲ್ಲದೆ ಆಡಿದರೆ ಈ ಭಾಗದ ಅರ್ಧ ಶಕ್ತಿ ನಷ್ಟವಾಗುತ್ತದೆ ಎಂಬುದು ನನ್ನ ಅನುಭವ.

ನೀವು ಹೊಸದಾಗಿ ಆರಂಭಿಸುವುದಾದರೆ, ಮೋಟಿವ್ ಸ್ಟುಡಿಯೋ ಮತ್ತೆ ನಿರ್ಮಿಸಿ 2023ರ ಜನವರಿಯಲ್ಲಿ ಬಿಡುಗಡೆಯಾದ ಆವೃತ್ತಿಯನ್ನೇ ಆರಿಸಿಕೊಳ್ಳಿ. ಮೂಲ ಆಟದಲ್ಲಿ ಮಾತಾಡದ ಐಸಾಕ್ ಇದರಲ್ಲಿ ಮಾತಾಡುತ್ತಾನೆ, ಗುರುತ್ವವಿಲ್ಲದ ಜಾಗಗಳಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಜಿಗಿಯುವ ಬದಲು ಮುಕ್ತವಾಗಿ ತೇಲುತ್ತಾನೆ. ಅವನ ಮೌನವನ್ನು ನಾನು ಹೆಚ್ಚು ಇಷ್ಟಪಟ್ಟವನಾದರೂ, ಗುಂಡು ತಗುಲಿದಲ್ಲಿ ಮಾಂಸ ಪದರಪದರವಾಗಿ ಕಿತ್ತು ಮೂಳೆ ಕಾಣುವಂತೆ ಮಾಡಿರುವುದರಿಂದ, ಯಾವ ಅಂಗ ಇನ್ನೇನು ತುಂಡಾಗಲಿದೆ ಎಂಬುದು ಹೊಸಬರಿಗೆ ಹೊಸ ಆವೃತ್ತಿಯಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಆರಂಭದಲ್ಲಿ ನೆಕ್ರೋಮಾರ್ಫ್‌ಗಳ ಕಾಲುಗಳನ್ನು ಮೊದಲು ಕತ್ತರಿಸಿ. ಅವು ತೆವಳತೊಡಗಿದರೆ ತೋಳುಗಳಿಗೆ ಗುರಿಯಿಡಲು ನಿಮಗೆ ಸಮಯ ಸಿಗುತ್ತದೆ.