ಮಾಸ್ತರರೇ, ಆ ಕೀಲಿಕೈಯಿಂದ ಶುರು ಮಾಡಿ

ಮಾಸ್ತರರೇ, ನಮಸ್ಕಾರ.

‘ವಿಪತ್ತು ನಿರ್ವಹಣೆಯಲ್ಲಿ ರಾಷ್ಟ್ರೀಯ ಸಮನ್ವಯ’ ಅಂತ ನೀವು ಚಿಕ್ಕೋಡಿ ತಾಲೂಕಿನಿಂದ ಕಳಿಸಿದ ಹನ್ನೊಂದು ಪುಟದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟದ ಐದು ಸಾಲು ನನ್ನನ್ನು ಬಿಡಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

2019ರ ಆಗಸ್ಟ್. ಕೃಷ್ಣೆ ಊರೊಳಗೆ ಬಂದ ರಾತ್ರಿ. ನಿಮ್ಮ ಶಾಲೆಯೇ ಪರಿಹಾರ ಕೇಂದ್ರ ಅಂತ ಮೊದಲೇ ಗುರುತಾಗಿತ್ತು. ಜನ ಹಾಸಿಗೆ, ಕೂಸು, ಆಡು ಸಮೇತ ಬಂದು ಮಳೆಯಲ್ಲಿ ನಿಂತರು. ಕೀಲಿಕೈ ಇದ್ದವರು ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದರು, ನಡುವಿನ ಸೇತುವೆ ಮುಳುಗಿತ್ತು. ಕೊನೆಗೆ ಬಿಸಿಯೂಟದ ಅಡುಗೆಯವರು ತಮ್ಮ ಹತ್ತಿರವಿದ್ದ ಕೀಲಿಕೈಯಿಂದ ಅಡುಗೆ ಕೋಣೆ ತೆಗೆದರು, ಮಕ್ಕಳನ್ನೂ ಮುದುಕರನ್ನೂ ಮೊದಲು ಒಳಗೆ ಕೂರಿಸಿದರು.

ಇಷ್ಟು ಹೇಳಿ ನೀವು ಮತ್ತೆ ‘ಸಮನ್ವಯದ ಅಗತ್ಯ’ಕ್ಕೆ ಹೋಗಿಬಿಟ್ಟಿದ್ದೀರಿ! ಆ ಪದ ಲೇಖನದಲ್ಲಿ ಮೂವತ್ತನಾಲ್ಕು ಸಲ ಬಂದಿದೆ. ಯಾರು ಯಾರಿಗೆ ಫೋನ್ ಮಾಡಬೇಕಿತ್ತು ಅನ್ನುವುದು ಒಂದು ಸಲವೂ ಬಂದಿಲ್ಲ. ಓದುವವರಿಗೆ ಬೇಕಾಗಿರುವುದು ಅದೇ ಅಲ್ವಾ?

ಎರಡು ತಪ್ಪು ತಿದ್ದಿಕೊಳ್ಳಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಬೋಟು ಕಳಿಸಿತು ಅಂತ ಬರೆದಿದ್ದೀರಿ. ಪ್ರಾಧಿಕಾರಕ್ಕೆ ಪ್ರಧಾನಿ ಅಧ್ಯಕ್ಷರು, ಅದರ ಕೆಲಸ ನೀತಿ, ಯೋಜನೆ, ಮಾರ್ಗಸೂಚಿ. ಬೋಟು ಹಿಡಿದು ನೀರಿಗೆ ಇಳಿಯುವುದು ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಅಂದರೆ ಎನ್‌ಡಿಆರ್‌ಎಫ್. ಎರಡೂ ಹುಟ್ಟಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಿಂದಲೇ, ಹಾಗಾಗಿ ಈ ಗೊಂದಲ ಬಹಳ ಜನಕ್ಕಿದೆ. ಇನ್ನು ಸೆಂಡೈ ಚೌಕಟ್ಟನ್ನು ‘ಅಂತರರಾಷ್ಟ್ರೀಯ ಕಾನೂನು’ ಅಂದಿದ್ದೀರಿ. ಅದು 2015ರಲ್ಲಿ ಜಪಾನಿನ ಸೆಂಡೈ ನಗರದಲ್ಲಿ ದೇಶಗಳು ವಿಪತ್ತಿನ ಅಪಾಯ ತಗ್ಗಿಸಲು ಒಪ್ಪಿಕೊಂಡ, 2030ರವರೆಗಿನ ಒಂದು ಚೌಕಟ್ಟು. ಪಾಲಿಸದಿದ್ದರೆ ಶಿಕ್ಷೆ ಇಲ್ಲ. ಅದರ ಮೇಲೆ ನೀವು ಬರೆದ ಮೂರು ಪುಟ ಒಂದು ಸಾಲಿಗೆ ಇಳಿದರೂ ನಷ್ಟವಿಲ್ಲ.

ಆ ಜಾಗದಲ್ಲಿ ನೀರಿನ ದಾರಿ ಬರೆಯಿರಿ. ಕೊಯ್ನಾ ಅಣೆಕಟ್ಟಿನ ಗೇಟು ತೆಗೆಯುವುದು ಮಹಾರಾಷ್ಟ್ರ. ಆ ನೀರು ಸಾಂಗ್ಲಿ ದಾಟಿ, ಪಂಚಗಂಗೆಯನ್ನು ಕೂಡಿಸಿಕೊಂಡು, ರಾಜಾಪುರ ಬ್ಯಾರೇಜ್ ಇಳಿದು ನಮ್ಮ ಗಡಿಗೆ ಬರುತ್ತದೆ, ಕಲ್ಲೋಳ ಹತ್ತಿರ ದೂಧಗಂಗೆಯೂ ಸೇರುತ್ತದೆ, ಆಮೇಲೆ ಜಮಖಂಡಿ ಕಡೆಯಿಂದ ಹಾದು ಆಲಮಟ್ಟಿಯಲ್ಲಿ ನಿಲ್ಲುತ್ತದೆ. ಮಳೆಗಾಲ ಬಂತೆಂದರೆ ನಮ್ಮವರು ಕೊಯ್ನಾ ಕಡೆ ಬೆರಳು ತೋರಿಸುತ್ತಾರೆ, ಸಾಂಗ್ಲಿಯವರು ಆಲಮಟ್ಟಿ ಹಿನ್ನೀರಿನ ಕಡೆ. ನೀವು ಎರಡರ ನಡುವೆ ಮನೆ ಕಟ್ಟಿಕೊಂಡಿರುವವರು. ಮೇಲಿನ ಕ್ಯೂಸೆಕ್ ಲೆಕ್ಕ ನಿಮ್ಮೂರಿಗೆ ಎಷ್ಟು ಹೊತ್ತಿಗೆ ಮುಟ್ಟಿತು, ಯಾರಿಂದ, ಡಂಗುರದಲ್ಲೋ ವಾಟ್ಸಾಪ್‌ನಲ್ಲೋ? ಬೆಂಗಳೂರಿನಲ್ಲಿ ಕೂತವರು ಇದನ್ನು ಬರೆಯಲಾರರು. ದಿಲ್ಲಿಯಲ್ಲಿ ಕೂತವರಂತೂ ಮೊದಲೇ ಇಲ್ಲ.

ಕಾಯ್ದೆಯಿಂದ ಒಂದು ಮಾತು ಮಾತ್ರ ಉಳಿಸಿಕೊಳ್ಳಿ, ನನಗೆ ಅದು ತುಂಬಾ ಮುಖ್ಯ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಪಕ್ಕದಲ್ಲಿ ಸಹ-ಅಧ್ಯಕ್ಷರಾಗಿ ಜಿಲ್ಲಾ ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಯಿಂದ ಆರಿಸಿ ಬಂದವರು ಇರಬೇಕು. ಸರ್ಕಾರ ಮತ್ತು ಸಮಾಜ ಕೂಡಿ ಕೆಲಸ ಮಾಡಬೇಕು ಅಂತ ನೀವು ಪುಟಗಟ್ಟಲೆ ಹೇಳಿದ್ದಕ್ಕೆ ಕಾನೂನು ಹಾಕಿಟ್ಟ ಕುರ್ಚಿ ಅದು. ನಮ್ಮ ರಾಜ್ಯದಲ್ಲಿ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಾಗಾದರೆ ಹೊಳೆ ಸಾಲಿನ ಊರುಗಳ ಪರವಾಗಿ ಆ ಸಭೆಯಲ್ಲಿ ಮಾತಾಡಿದವರು ಯಾರು? ಇದನ್ನು ಕೇಳಿ. ಜೋರಾಗಿ ಕೇಳಿ.

ಹಣದ ವಿಷಯ ಸಾಕಷ್ಟು ಚೆನ್ನಾಗಿದೆ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ನೂರಕ್ಕೆ 20 ರೂಪಾಯಿ ಅಪಾಯ ತಗ್ಗಿಸುವ ಕೆಲಸಕ್ಕೇ ಬೇರೆ ಇಡಿ ಅಂದಿತ್ತು ಅನ್ನುವುದನ್ನು ಸೇರಿಸಿ, ಸಾಕು. ಅಂಕಿ ಜಾಸ್ತಿ ಬೇಡ.

ಇನ್ನೊಂದು. ನೀವು ಆ ರಾತ್ರಿಯನ್ನು ಅವಸರದಲ್ಲಿ ದಾಟಿಬಿಡುತ್ತೀರಿ, ಸ್ವಂತ ಅನುಭವ ಲೇಖನಕ್ಕೆ ತೂಕ ಕೊಡುವುದಿಲ್ಲ ಅನ್ನುವ ಅಂಜಿಕೆ ಇರಬೇಕು. ಅಂಜಬೇಡಿ. ನಾನು ಇಷ್ಟು ವರ್ಷದಲ್ಲಿ ಓದಿದ ನೆರೆ ಲೇಖನಗಳಲ್ಲಿ ಸಾವಿರಾರು ಕೋಟಿ ಬಂದಿವೆ, ಬೋಟು ಬಂದಿವೆ, ಮಂತ್ರಿಗಳು ಬಂದಿದ್ದಾರೆ. ಶಾಲೆಯ ಕೀಲಿಕೈ ಬಂದಿದ್ದು ನಿಮ್ಮದರಲ್ಲೇ ಮೊದಲು.

ಆ ಅಡುಗೆಯವರ ಹತ್ತಿರ ಒಂದು ಸಂಜೆ ಕೂತು ಮಾತಾಡಿ. ಹೆಸರು ಹಾಕುವುದು ಬೇಡ. ಆ ರಾತ್ರಿ ಎಷ್ಟು ಅಕ್ಕಿ ಇತ್ತು, ಒಲೆಗೆ ಏನು ಹಾಕಿದರು, ತೆಗೆಯಿರಿ ಅಂತ ಅವರಿಗೆ ಯಾರಾದರೂ ಹೇಳಿದ್ದರೋ ಅಥವಾ ತಾವೇ ತೆಗೆದರೋ, ಎಲ್ಲ ಕೇಳಿ ಬರೆದುಕೊಳ್ಳಿ. ಐದು ಪುಟದೊಳಗೆ ಇರಲಿ, ತಿಂಗಳ ಕೊನೆಗೆ ಕಳಿಸಿ. ಬೆಳಗಾವಿಗೆ ಬಂದರೆ ಕಚೇರಿಗೇ ಬನ್ನಿ, ಕೂತು ತಿದ್ದೋಣ. ಮತ್ತೆ, ಆ ಶಾಲೆಯ ಇನ್ನೊಂದು ಕೀಲಿಕೈ ಈಗ ಊರಲ್ಲಿ ಯಾರ ಹತ್ತಿರ ಇದೆ ಅಂತ ವಿಚಾರಿಸಿಕೊಂಡೇ ಬನ್ನಿ.